ಯಾರಿಗೂ ಬೇಡದ್ದನ್ನು ತಡೆದು ನಿಂತ ಒಡ್ಡುಗಳು

ಬ್ರೆಜಿಲ್‌ನ ರಾಷ್ಟ್ರೀಯ ಗಣಿಗಾರಿಕೆ ಏಜೆನ್ಸಿಯ ಬಳಿ ಒಂದು ಉದ್ದನೆಯ ಪಟ್ಟಿ ಇದೆ. ಗಣಿಗಳಿಂದ ಹೊರಬಿದ್ದ ಕೆಸರನ್ನು ಹಿಡಿದಿಟ್ಟಿರುವ ಅಣೆಕಟ್ಟುಗಳ ಹೆಸರು, ಎತ್ತರ, ಮಾಲೀಕರು, ಸ್ಥಿತಿಗತಿ ಎಲ್ಲವೂ ಅದರಲ್ಲಿ ದಾಖಲು. 2019ರ ಜನವರಿಯಲ್ಲಿ ಯಾರಾದರೂ ಆ ಪಟ್ಟಿ ತೆರೆದು ಮಿನಾಸ್ ಜೆರಾಯ್ಸ್ ರಾಜ್ಯದ ಬ್ರುಮಾಡಿನ್ಯೊ ಊರಿನ 'ಬಿ-1' ಅಣೆಕಟ್ಟನ್ನು ಹುಡುಕಿದ್ದರೆ ಎರಡು ಕಾಲಂಗಳು ಕಣ್ಣಿಗೆ ಬೀಳುತ್ತಿದ್ದವು. ಅಪಾಯದ ದರ್ಜೆ: ಕಡಿಮೆ. ಒಡೆದರೆ ಆಗುವ ಹಾನಿ: ಹೆಚ್ಚು.

ಅದೇ ತಿಂಗಳ 25ರ ಶುಕ್ರವಾರ ಮಧ್ಯಾಹ್ನ 12 ಗಂಟೆ 28 ನಿಮಿಷಕ್ಕೆ ಬಿ-1 ಕುಸಿಯಿತು. 86 ಮೀಟರ್ ಎತ್ತರದ ಒಡ್ಡಿನ ಮುಖ ಹತ್ತೇ ಸೆಕೆಂಡುಗಳಲ್ಲಿ ಜರಿದುಹೋಯಿತು. ಐದು ನಿಮಿಷದೊಳಗೆ ಸುಮಾರು 97 ಲಕ್ಷ ಘನ ಮೀಟರ್ ಕೆಸರು ಕಣಿವೆಗೆ ನುಗ್ಗಿತ್ತು. ಗಣಿ ಕಂಪನಿ 'ವಾಲೆ' ತನ್ನ ಆಡಳಿತ ಕಚೇರಿಯನ್ನೂ ನೌಕರರ ಕ್ಯಾಂಟೀನನ್ನೂ ಅದೇ ಕಣಿವೆಯಲ್ಲಿ, ಒಡ್ಡಿನ ಕೆಳಗೇ ಕಟ್ಟಿಕೊಂಡಿತ್ತು. ಊಟದ ಹೊತ್ತು. ಸೈರನ್ ಕೂಗಲಿಲ್ಲ. ಸತ್ತವರು 270 ಮಂದಿ. ಬಂಧುಗಳು ಮಾತ್ರ 272 ಎಂದೇ ಲೆಕ್ಕ ಹೇಳುತ್ತಾರೆ, ಏಕೆಂದರೆ ಮೃತರಲ್ಲಿ ಇಬ್ಬರು ಗರ್ಭಿಣಿಯರಿದ್ದರು.

ಪಟ್ಟಿಯ ಎರಡನೆಯ ಕಾಲಂ ನಿಜವಾಯಿತು, ಮೊದಲನೆಯದು ಸುಳ್ಳಾಯಿತು. ಗಣಿ ತ್ಯಾಜ್ಯದ ಹಳೆಯ ಅಣೆಕಟ್ಟುಗಳ ವಿಚಾರದಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ಸಂಗತಿ ಈ ಎರಡು ಕಾಲಂಗಳ ನಡುವಿನ ಅಂತರದಲ್ಲಿದೆ. 'ಅತಿ ಅಪಾಯದ ವರ್ಗದ ಅಣೆಕಟ್ಟು' ಎಂದು ಸುದ್ದಿ ಬಂದ ಕೂಡಲೇ ನಾವು ಗೋಡೆ ಬಿರುಕು ಬಿಟ್ಟಿದೆ ಎಂದುಕೊಳ್ಳುತ್ತೇವೆ. ವರ್ಗೀಕರಣ ಹೇಳುವುದು ಅದನ್ನಲ್ಲ. ಅಮೆರಿಕದಲ್ಲಿ ಒಂದು ಅಣೆಕಟ್ಟು 'ಹೈ ಹಜಾರ್ಡ್' ಎನಿಸಿಕೊಳ್ಳುವುದಕ್ಕೆ ಅದು ಶಿಥಿಲವಾಗಿರಬೇಕಾಗಿಲ್ಲ. ಒಡೆದರೆ ಒಂದಾದರೂ ಜೀವ ಹೋಗುವ ಸಂಭವವಿದ್ದರೆ ಸಾಕು. ಹಾಗಾಗಿ ನಿನ್ನೆ ಕಟ್ಟಿದ, ಎಲ್ಲ ರೀತಿಯಲ್ಲೂ ಭದ್ರವಾದ ಅಣೆಕಟ್ಟೂ ಆ ವರ್ಗದಲ್ಲಿರಬಹುದು. ನಿರ್ಜನ ಕಾಡಿನ ನಡುವೆ ಸೋರುತ್ತ ನಿಂತದ್ದು 'ಲೋ' ಎಂಬ ಮುದ್ರೆ ಹೊತ್ತು ನೆಮ್ಮದಿಯಾಗಿ ಇರಬಹುದು. ಇನ್ನೊಂದು ಸೋಜಿಗವೆಂದರೆ, ಒಡ್ಡಿನ ಒಂದು ಕಲ್ಲೂ ಕದಲದೆ ಅದರ ವರ್ಗ ಬದಲಾಗಬಹುದು. ಕೆಳಗೆ ನಾಲ್ಕು ಮನೆ ಎದ್ದರೆ, ಒಂದು ಶಾಲೆಯೋ ರೆಸಾರ್ಟೋ ಬಂದರೆ ಅಪಾಯದ ವರ್ಗ ಮೇಲೇರುತ್ತದೆ. ಅಂದರೆ ವರ್ಗೀಕರಣ ಎನ್ನುವುದು ಗೋಡೆಗಿಂತ ಹೆಚ್ಚಾಗಿ ಗೋಡೆಯ ಕೆಳಗಿರುವವರ ಗಣತಿ.

ಹಾಗಾದರೆ ಗೋಡೆಯ ಗತಿ ಏನು? ಬ್ರೆಜಿಲ್‌ನಲ್ಲಿ ಅದಕ್ಕೆ ಬೇರೆ ಅಂಕಪಟ್ಟಿ ಇತ್ತು. ಒಡ್ಡಿನ ತಾಂತ್ರಿಕ ಲಕ್ಷಣಗಳಿಗೆ ಒಂದಿಷ್ಟು ಅಂಕ, ಜಿನುಗು, ಬಿರುಕು ಮುಂತಾದ ಸ್ಥಿತಿಗತಿಗೆ ಒಂದಿಷ್ಟು. ಮೂರನೆಯದು ಸುರಕ್ಷತಾ ಯೋಜನೆಯ ದಾಖಲೆಗಳಿಗೆ. ನಕ್ಷೆ ಇದೆಯೇ, ಕೈಪಿಡಿ ಇದೆಯೇ, ತಪಾಸಣಾ ವರದಿ ಹೊತ್ತಿಗೆ ಸರಿಯಾಗಿ ಸಲ್ಲಿಕೆಯಾಗಿದೆಯೇ, ಜವಾಬ್ದಾರಿ ಹೊತ್ತ ಎಂಜಿನಿಯರ್ ಇದ್ದಾರೆಯೇ ಎಂಬ ವಿವರಗಳು. ದಾಖಲೆ ಬೇಡವೆಂದು ಯಾರೂ ಹೇಳಲಾರರು. ಆದರೆ ಕಡತ ಅಚ್ಚುಕಟ್ಟಾಗಿದ್ದಷ್ಟೂ ಅಪಾಯದ ಅಂಕ ಇಳಿಯುತ್ತದೆ ಎನ್ನುವುದರಲ್ಲಿ ಒಂದು ತಿರುಚಿದ ತರ್ಕವಿದೆ. ದೊಡ್ಡ ಕಂಪನಿಗಳಿಗೆ ಕಡತ ಅಚ್ಚುಕಟ್ಟಾಗಿಡುವುದು ಬಲು ಸುಲಭ. ನಮ್ಮ ಕಚೇರಿಗಳ ಪರಿಚಯವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಡ್ಡಿನೊಳಗೆ ಇರುವುದೇನು ಎಂದು ನೋಡೋಣ. ಅದಿರನ್ನು ನುಣ್ಣಗೆ ಅರೆದು ಬೇಕಾದ ಲೋಹಾಂಶ ಬೇರ್ಪಡಿಸಿದ ಮೇಲೆ ಉಳಿಯುವುದು ನೀರು ಬೆರೆತ ಸಣ್ಣ ಮರಳು ಮತ್ತು ಹೂಳು. ಗಣಿಯವರು ಇದನ್ನು ಟೈಲಿಂಗ್ಸ್ ಎನ್ನುತ್ತಾರೆ. ಪೈಪಿನಲ್ಲಿ ತಂದು ಒಡ್ಡಿನ ಹಿಂದೆ ಸುರಿಯುತ್ತಾರೆ. ನೀರಿನ ಅಣೆಕಟ್ಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಕಟ್ಟುವ ಕ್ರಮದಲ್ಲೇ ಇದೆ. ನೀರಿನ ಅಣೆಕಟ್ಟನ್ನು ಪೂರ್ತಿ ಕಟ್ಟಿ ಆಮೇಲೆ ತುಂಬುತ್ತಾರೆ. ಇದನ್ನು ಮಾತ್ರ ತುಂಬುತ್ತ ತುಂಬುತ್ತ ಎತ್ತರಿಸುತ್ತ ಹೋಗುತ್ತಾರೆ. ಅದರಲ್ಲಿ ಅಗ್ಗದ ದಾರಿಯೊಂದಿದೆ: ಹಿಂದೆ ಶೇಖರವಾದ ಕೆಸರು ಸ್ವಲ್ಪ ಒಣಗಿದ ಮೇಲೆ ಅದರ ಮೇಲೆಯೇ ಮುಂದಿನ ಮೆಟ್ಟಿಲಿನ ಏರಿ ಹಾಕುವುದು. ಒಡ್ಡು ಮೇಲೇರಿದಂತೆಲ್ಲ ಹಿಂದಕ್ಕೆ, ಕೆಸರಿನ ಕಡೆಗೆ ಸರಿಯುತ್ತದೆ. ಹೊರಗಿನಿಂದ ನೋಡಿದರೆ ಹುಲ್ಲು ಹಬ್ಬಿದ ಗುಡ್ಡ, ಒಳಗೆ ಅರ್ಧಕ್ಕರ್ಧ ತ್ಯಾಜ್ಯವೇ ಅಡಿಪಾಯ. ಬಿ-1 ಅನ್ನು 1976ರಿಂದ 2013ರವರೆಗೆ, 37 ವರ್ಷಗಳ ಕಾಲ, ಹೀಗೆ 15 ಸಲ ಎತ್ತರಿಸಿದ್ದರು. ಶುರು ಮಾಡಿದ್ದು ಫೆರ್ಟೆಕೊ ಎಂಬ ಇನ್ನೊಂದು ಕಂಪನಿ. 2001ರಲ್ಲಿ ಅದನ್ನು ವಾಲೆ ಕೊಂಡಿತು. ಗಣಿಯ ಜೊತೆಗೆ ಒಡ್ಡೂ ಬಂತು.

ಇಂಥ ಕೆಸರಿನ ಕಣಗಳು ಒಂದಕ್ಕೊಂದು ಒರಗಿ ನಿಂತಿರುವಷ್ಟು ಕಾಲ ಎಲ್ಲವೂ ಗಟ್ಟಿ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಕೊಂಡಿದ್ದು, ಯಾವುದೋ ಕಾರಣಕ್ಕೆ ಕಣಗಳು ತುಸು ಜರುಗಿ ಹತ್ತಿರ ಬರಲು ನೋಡಿದರೆ, ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಅಲ್ಲಿಯವರೆಗೆ ಕಣಗಳು ಹೊತ್ತಿದ್ದ ಭಾರ ಒಮ್ಮೆಲೇ ನೀರಿನ ಮೇಲೆ ಬೀಳುತ್ತದೆ. ನೀರು ಭಾರ ಹೊರುವುದಿಲ್ಲ, ಹರಿಯುತ್ತದೆ. ಗುಡ್ಡವಾಗಿದ್ದದ್ದು ದ್ರವವಾಗುವುದು ಹೀಗೆ. ಭೂಕಂಪವೇ ಬೇಕೆಂದಿಲ್ಲ.

ಪೀಟರ್ ರಾಬರ್ಟ್‌ಸನ್ ನೇತೃತ್ವದ ನಾಲ್ವರು ತಜ್ಞರ ಸಮಿತಿ 2019ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಓದಿದರೆ ಮೈ ಜುಮ್ಮೆನ್ನುವುದು ಸಾವಿನ ಸಂಖ್ಯೆಯಿಂದಲ್ಲ, ಒಂದು ಶಾಂತವಾದ ವಾಕ್ಯದಿಂದ: ಕುಸಿತಕ್ಕೆ ಮುನ್ನ ಅಣೆಕಟ್ಟು ತೊಂದರೆಯಲ್ಲಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸೂಚನೆ ಇರಲಿಲ್ಲ. ಒಡ್ಡಿನ ಮೈಮೇಲೆ ಉಪಕರಣಗಳಿದ್ದವು, ರೇಡಾರ್ ಇತ್ತು, ಕ್ಯಾಮೆರಾಗಳು ಕೊನೆಯ ಕ್ಷಣವನ್ನೂ ಸೆರೆಹಿಡಿದವು. ಉಪಗ್ರಹದ ಹಳೆಯ ಮಾಹಿತಿಯನ್ನು ಹಿಂದಿನಿಂದ ಜಾಲಾಡಿದಾಗ ಮಾತ್ರ ಹಿಂದಿನ ವರ್ಷ ಒಡ್ಡು ನಿಧಾನವಾಗಿ ಕುಸಿಯುತ್ತಿದ್ದುದು ಗೊತ್ತಾಯಿತು, ಅದೂ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಒಳಗಿನ ನೀರು ಹರಿದುಹೋಗಲು ಸರಿಯಾದ ಕಾಲುವೆಗಳಿರಲಿಲ್ಲ. ಇಳಿಜಾರು ಕಡಿದಾಗಿತ್ತು. ಕೆಸರಿನಲ್ಲಿದ್ದ ಕಬ್ಬಿಣದ ಅಂಶ ತುಕ್ಕು ಹಿಡಿದು ಕಣಗಳನ್ನು ಬೆಸೆದಿತ್ತು. ಆ ಬೆಸುಗೆ ಕೆಸರಿಗೆ ಗಡಸುತನ ಕೊಟ್ಟಿತ್ತು, ಜೊತೆಗೆ ಗಾಜಿನ ಗುಣವನ್ನೂ. ಬಾಗದು, ಮುರಿದರೆ ಒಮ್ಮೆಗೇ ಮುರಿಯುವುದು. ಅದರ ಮೇಲೆ 2018ರ ಕೊನೆಯ ಜೋರು ಮಳೆ. ಆ ದಿನ ಒಡ್ಡಿನ ಮೇಲೆ ಬೋರು ಕೊರೆಯುವ ಕೆಲಸವೂ ನಡೆದಿತ್ತು. ರಾಬರ್ಟ್‌ಸನ್ ಸಮಿತಿ ಅದನ್ನು ಕಾರಣವೆಂದು ಒಪ್ಪಲಿಲ್ಲ. 2021ರಲ್ಲಿ ಬಾರ್ಸಿಲೋನಾದ ಸಂಶೋಧಕರು ಅದೇ ಕಿಡಿಯಾಗಿದ್ದಿರಬಹುದು ಎಂದರು. ಯಾವುದೇ ನಿಜವಿರಲಿ, ಒಂದು ಬೋರು ಕೊರೆತಕ್ಕೆ ಜಾರಬಹುದಾದ ಸ್ಥಿತಿಯಲ್ಲಿದ್ದ ಒಡ್ಡನ್ನು 'ಕಡಿಮೆ' ಎಂಬ ಕಾಲಂನಲ್ಲಿ ಕೂರಿಸಲಾಗಿತ್ತು.

ಎಂಜಿನಿಯರುಗಳಿಗೆ ಏನೂ ಗೊತ್ತಿರಲಿಲ್ಲವೇ? ಲೆಕ್ಕ ಇತ್ತು. ಇಳಿಜಾರನ್ನು ಹಿಡಿದು ನಿಲ್ಲಿಸುವ ಬಲವನ್ನು ಕೆಳಕ್ಕೆ ದೂಡುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸುರಕ್ಷತಾ ಅಂಶ. ಅದು 1 ಆದರೆ ಎರಡೂ ಸಮ, ಅಂದರೆ ಬೀಳುವ ಅಂಚು. ಕೆಸರು ದ್ರವವಾಗುವ ಸಂದರ್ಭಕ್ಕೆ ಸಾಮಾನ್ಯವಾಗಿ 1.3 ಆದರೂ ಬೇಕೆನ್ನುತ್ತಾರೆ. ಬಿ-1ಕ್ಕೆ ಬಂದದ್ದು 1.09. ಹೀಗಿದ್ದೂ ಜರ್ಮನಿಯ ಟಿಯುವಿ ಸ್ಯೂಡ್ ಸಂಸ್ಥೆಯ ಬ್ರೆಜಿಲ್ ಘಟಕ 2018ರ ಸೆಪ್ಟೆಂಬರ್‌ನಲ್ಲಿ ಅಣೆಕಟ್ಟು ಸ್ಥಿರವಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿತು. ದುರಂತದ ನಂತರ ಪತ್ರಿಕೆಗಳು ಹೊರಗೆಡವಿದ ವಾಲೆಯ ಒಳದಾಖಲೆಗಳಲ್ಲಿ ಇನ್ನೊಂದು ಲೆಕ್ಕವಿತ್ತು. ವರ್ಷಕ್ಕೆ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಕುಸಿತದ ಸಂಭವವನ್ನು ಕಂಪನಿ ಸಹಿಸಬಲ್ಲದು. ಬಿ-1ರ ಸಂಭವ ಅದರ ಎರಡು ಪಟ್ಟು. ಅದಕ್ಕಾಗಿ ಬಿ-1 'ಗಮನವಿಡಬೇಕಾದ ವಲಯ'ದಲ್ಲಿತ್ತು. ಗಮನ ಇಟ್ಟರು ಕೂಡ. ಕ್ಯಾಂಟೀನ್ ಮಾತ್ರ ಇದ್ದಲ್ಲೇ ಇತ್ತು. ಇಡೀ ಪ್ರಕರಣದಲ್ಲಿ ನನಗೆ ಕ್ಷಮಿಸಲಾಗದ್ದೆಂದು ತೋರುವುದು ಇದೊಂದೇ. ಮಣ್ಣಿನ ಗುಣ ಅರಿಯುವುದು ಕಷ್ಟ, ತಜ್ಞರೂ ತಪ್ಪಬಹುದು. ಊಟದ ಮೇಜುಗಳನ್ನು ಬೇರೆ ಗುಡ್ಡಕ್ಕೆ ಸಾಗಿಸಲು ಯಾವ ಮಣ್ಣಿನ ಶಾಸ್ತ್ರವೂ ಬೇಕಾಗಿರಲಿಲ್ಲ.

ಬಿ-1ಕ್ಕೆ ಹೊಸ ಕೆಸರು ಸುರಿಯುವುದು 2016ರಲ್ಲೇ ನಿಂತಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟು ಬೆನ್ನು ತಿರುಗಿಸುವುದು ಇಂಥ ಹೊತ್ತಿನಲ್ಲೇ. ನಮ್ಮ ಬಯಲುಸೀಮೆಯ ಕೆರೆಗಳನ್ನು ನೋಡಿ. ಎಷ್ಟೋ ಏರಿಗಳು ಶತಮಾನ ಕಳೆದರೂ ನಿಂತಿವೆ. ಕಟ್ಟಿದವರ ಜಾಣ್ಮೆ ಅದರಲ್ಲಿ ಒಂದು ಪಾಲಾದರೆ, ಕಾದವರ ಅಗತ್ಯ ಇನ್ನೊಂದು ಪಾಲು. ತೂಬು ಎತ್ತುವ ನೀರುಗಂಟಿ ಇದ್ದ. ಏರಿಯ ಬುಡದಲ್ಲಿ ಜಿನುಗು ಕಂಡರೆ ಅಚ್ಚುಕಟ್ಟಿನ ರೈತ ರಾತ್ರಿಯೇ ಊರಿನವರನ್ನು ಎಬ್ಬಿಸುತ್ತಿದ್ದ. ಕೋಡಿ ಬಿದ್ದರೆ ಹಬ್ಬ, ಬಾಗಿನ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟ್ ಕೊಚ್ಚಿಹೋದಾಗ ಮೂರು ರಾಜ್ಯಗಳು ನಿದ್ದೆಗೆಟ್ಟು, ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ನೀರು ಲಕ್ಷಾಂತರ ಜನರಿಗೆ ಬೇಕಾಗಿತ್ತು. ಗಣಿ ತ್ಯಾಜ್ಯದ ಒಡ್ಡಿಗೆ ಅಚ್ಚುಕಟ್ಟಿಲ್ಲ. ಅದು ಹಿಡಿದಿರುವುದು ಯಾರಿಗೂ ಬೇಡದ ವಸ್ತು. ಗಣಿ ನಡೆಯುವಷ್ಟು ದಿನ ಕಂಪನಿಗೆ ಅದರ ಅಗತ್ಯವಿರುತ್ತದೆ. ಅದಿರು ಮುಗಿದ ದಿನ ಅದು ಬರೀ ಖರ್ಚಿನ ಬಾಬ್ತು.

ಮುಪ್ಪು ಎನ್ನುವುದು ಇಲ್ಲಿ ಬರೀ ವಯಸ್ಸಿನ ಮಾತಲ್ಲ. ಒಳಗಿನ ಬಸಿಗಾಲುವೆಗಳು ಹೂಳಿನಿಂದಲೋ ಕಬ್ಬಿಣದ ಗಷ್ಟಿನಿಂದಲೋ ಕಟ್ಟಿಕೊಳ್ಳುತ್ತವೆ. ಕೆಸರಿನಡಿ ಹೂತ ಕಾಂಕ್ರೀಟ್ ಕೊಳವೆ ಬಿರುಕು ಬಿಡುತ್ತದೆ, ಅದನ್ನು ಹೊಕ್ಕು ನೋಡುವವರಿಲ್ಲ. ನೀರಿನ ಒತ್ತಡ ಅಳೆಯುವ ಕೊಳವೆಗಳು ಒಂದೊಂದಾಗಿ ಕೆಡುತ್ತವೆ. ಮೂಲ ನಕ್ಷೆ ಕಂಪನಿಯಿಂದ ಕಂಪನಿಗೆ ಕೈ ಬದಲಾಗುವಾಗ ಯಾವುದೋ ಬೀರುವಿನಲ್ಲಿ ಉಳಿಯುತ್ತದೆ. ಐವತ್ತು ವರ್ಷದ ಹಿಂದಿನ ಮಳೆ ಲೆಕ್ಕಕ್ಕೆ ಕಟ್ಟಿದ ಕೋಡಿಗೆ ಇವತ್ತಿನ ಮೋಡ ಒಡೆದ ಮಳೆ ಎದುರಾಗುತ್ತದೆ. ದಕ್ಷಿಣ ಆಫ್ರಿಕಾದ ಮೆರಿಸ್‌ಪ್ರೂಟ್‌ನಲ್ಲಿ ಒಂದು ಸಂಜೆಯ ಮಳೆಯೇ ಸಾಕಾಯಿತು. ಚಿನ್ನದ ಗಣಿಯ ತ್ಯಾಜ್ಯದ ಒಡ್ಡು. ಜಿನುಗಿನ ಕಾರಣಕ್ಕೆ ಆ ಭಾಗವನ್ನು ಮುಚ್ಚಲಾಗಿದೆ ಎಂದೇ ಲೆಕ್ಕ. ಆದರೂ ಅದರ ಮೇಲೆ ನೀರು ನಿಲ್ಲುತ್ತಿತ್ತು. 1994ರ ಫೆಬ್ರುವರಿ 22ರ ಸಂಜೆ ಗುಡುಗು ಮಳೆ ಬಂತು, ನೀರು ಏರಿ ಹತ್ತಿ ಇಳಿಯಿತು, ರಾತ್ರಿ ಕೆಳಗಿನ ಬಡಾವಣೆಯ 17 ಜನ ಸತ್ತರು.

ಬ್ರುಮಾಡಿನ್ಯೊ ಆದ ಮೇಲೆ 2020ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಗಣಿ ಕಂಪನಿಗಳ ಒಕ್ಕೂಟ ಮತ್ತು ಹೂಡಿಕೆದಾರರ ಕೂಟ ಸೇರಿ ಒಂದು ಜಾಗತಿಕ ಮಾನದಂಡ ಪ್ರಕಟಿಸಿದವು. ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು; ಆದರೆ ಹಣ ಹಾಕುವವರು ಕೇಳುತ್ತಾರೆ ಎನ್ನುವ ಅಂಜಿಕೆ ಇದೆ. ಅದರಲ್ಲಿ ಐದು ವರ್ಗಗಳಿವೆ. ನೂರಕ್ಕಿಂತ ಹೆಚ್ಚು ಜೀವ ಹೋಗಬಹುದಾದ ಒಡ್ಡು 'ಎಕ್ಸ್‌ಟ್ರೀಮ್', ಅಂದರೆ ಕೊನೆಯ ಮೆಟ್ಟಿಲು. ಅಂಥದ್ದು ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನೂ ತಾಳಬೇಕು. ಕೆಳಗಿನ ವರ್ಗಗಳಿಗೆ ಈ ಷರತ್ತು ಸಡಿಲ, ತೀರ ಕೆಳಗಿನದಕ್ಕೆ 200 ವರ್ಷದ ನೆರೆ ಸಾಕು. ಆದರೆ ಕೋಷ್ಟಕದ ಇನ್ನೊಂದು ಕಾಲಂ ನೋಡಿದರೆ ಬರೆದವರ ವಿವೇಕ ಕಾಣುತ್ತದೆ. ಗಣಿ ಮುಚ್ಚಿ, ಆಳುಕಾಳು ಹೊರಟುಹೋಗಿ, ಒಡ್ಡು ತನ್ನ ಪಾಡಿಗೆ ತಾನು ನಿಲ್ಲಬೇಕಾದ ಕಾಲಕ್ಕೆ ಎಲ್ಲ ವರ್ಗಕ್ಕೂ ಒಂದೇ ಅಳತೆ: ಹತ್ತು ಸಾವಿರ ವರ್ಷ. ನೋಡಿಕೊಳ್ಳುವವರಿಲ್ಲದ ಮೇಲೆ ಸಣ್ಣ ವರ್ಗ, ದೊಡ್ಡ ವರ್ಗ ಎಂಬ ರಿಯಾಯಿತಿ ಇಲ್ಲ.

ಬ್ರೆಜಿಲ್ ಕೆಸರಿನ ಮೇಲೆ ಕೆಸರು ಪೇರಿಸುವ ಒಡ್ಡುಗಳನ್ನೇ ಕಾನೂನಿನಿಂದ ನಿಷೇಧಿಸಿತು. ಇದ್ದವುಗಳನ್ನು 2022ರ ಫೆಬ್ರುವರಿಯೊಳಗೆ ಬಿಚ್ಚಿ ಮುಗಿಸಬೇಕಿತ್ತು. ಆಗಲಿಲ್ಲ, ಬಿಚ್ಚುವ ಕೆಲಸವೂ ಕಟ್ಟುವುದರಷ್ಟೇ ಅಪಾಯದ್ದು. ವಾಲೆ ತನ್ನ ಕೊನೆಯ ಒಡ್ಡನ್ನು 2035ಕ್ಕೆ ಮುಗಿಸುವುದಾಗಿ ಹೇಳಿದೆ. ಕೆಲವು ಕಡೆ ಒಡ್ಡಿನ ಮೇಲೆ ಮನುಷ್ಯರು ಕಾಲಿಡುವಂತಿಲ್ಲ, ದೂರದ ಕೋಣೆಯಲ್ಲಿ ಕೂತ ಚಾಲಕರು ಪರದೆ ನೋಡಿಕೊಂಡು ಜೆಸಿಬಿ ಓಡಿಸುತ್ತಾರೆ.

ಹುಷಾರಿಗೂ ಬೆಲೆ ಇದೆ ಎನ್ನುವುದಕ್ಕೆ ಬರಾವೊ ಡಿ ಕೊಕಾಯ್ಸ್ ಎಂಬ ಊರಿದೆ. ಬ್ರುಮಾಡಿನ್ಯೊ ದುರಂತವಾದ ಎರಡೇ ವಾರಕ್ಕೆ, ಫೆಬ್ರುವರಿ 8ರ ನಸುಕಿನಲ್ಲಿ ಅಲ್ಲಿ ಸೈರನ್ ಕೂಗಿತು. ಮೇಲಿನ 'ಸುಲ್ ಸುಪೀರಿಯರ್' ಅಣೆಕಟ್ಟಿಗೆ ಸ್ಥಿರತೆಯ ಪ್ರಮಾಣಪತ್ರ ಕೊಡಲು ತಪಾಸಣಾ ಸಂಸ್ಥೆ ಒಪ್ಪಿರಲಿಲ್ಲ. ಕಣಿವೆಯ ಹಳ್ಳಿಗಳ ನೂರಾರು ಜನ ಉಟ್ಟ ಬಟ್ಟೆಯಲ್ಲಿ ಎದ್ದು ಬಂದರು. ಪೇಟೆಯಲ್ಲಿ ಕೆಸರು ಎಲ್ಲಿಯವರೆಗೆ ಬರಬಹುದೆಂದು ರಸ್ತೆಯ ಅಂಚುಕಲ್ಲುಗಳಿಗೆ ಬಣ್ಣ ಬಳಿದರು. ಮೇ ತಿಂಗಳಲ್ಲಿ ಪಕ್ಕದ ಗಣಿ ಹೊಂಡದ ಗೋಡೆ ಕುಸಿಯುತ್ತದೆ, ಆ ಅದುರಿಗೆ ಅಣೆಕಟ್ಟೂ ಹೋಗಬಹುದು ಎಂದು ದಿನಾಂಕ ಸಮೇತ ಎಚ್ಚರಿಕೆ ಬಂತು. ಹೊಂಡದ ಗೋಡೆ ಮೆಲ್ಲಗೆ ಜಾರಿತು. ಅಣೆಕಟ್ಟು ನಿಂತೇ ಇತ್ತು. ಮನೆ ಬಿಟ್ಟವರು ಮಾತ್ರ ವರ್ಷಗಟ್ಟಲೆ ಮರಳಲಿಲ್ಲ. ಅಣೆಕಟ್ಟಿನ ಮಾಲೀಕ ಕಂಪನಿ ವಾಲೆ ಕಣಿವೆಯ ಕೆಳಗೆ ಇನ್ನೊಂದು ದೈತ್ಯ ಕಾಂಕ್ರೀಟ್ ಗೋಡೆ ಕಟ್ಟಿತು, ಮೇಲಿನ ಗೋಡೆ ಬಿದ್ದರೆ ತಡೆಯಲು. ಹೀಗೆ ಎಚ್ಚರಿಕೆ ಕೊಟ್ಟು ಅಪಾಯದ ದರ್ಜೆ ಏರಿಸಿದವರು ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಆದರೆ ಒಂದು ವರ್ಗದಿಂದ ಇನ್ನೊಂದಕ್ಕೆ ಸರಿಸುವ ಸಹಿಯಲ್ಲಿ ಒಂದು ಊರಿನ ಸಂಸಾರಗಳೆಲ್ಲ ಇರುತ್ತವೆ, ಅಧಿಕಾರಿಗಳು ಸಹಿಗೆ ಹಿಂಜರಿಯುವುದಕ್ಕೆ ಅದೂ ಒಂದು ಕಾರಣ.

ಬಿ-1ಕ್ಕೆ ಅಡಿಪಾಯ ಬಿದ್ದ 1976ರಲ್ಲೇ ನಮ್ಮಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇರಾನಿನ ಷಾ ಸರ್ಕಾರದ ಹಣದ ಭರವಸೆ, ಅಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು. ಕ್ರಾಂತಿಯಾಗಿ ಆ ವ್ಯವಹಾರ ಮುರಿದುಬಿದ್ದರೂ ಗಣಿ ನಿಲ್ಲಲಿಲ್ಲ. ಕುದುರೆಮುಖದ ಮ್ಯಾಗ್ನಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅರೆದು, ಅಯಸ್ಕಾಂತದಿಂದ ಬೇರ್ಪಡಿಸಿ, ಸಾಂದ್ರಗೊಳಿಸಿದ ಅದಿರನ್ನು ಘಟ್ಟ ಇಳಿಯುವ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಒಂದು ಟನ್ ಅದಿರು ಕಡಲಿಗೆ ಇಳಿದರೆ ಸರಿಸುಮಾರು ಎರಡು ಟನ್ ಕೆಸರು ಘಟ್ಟದ ಮೇಲೇ ಉಳಿಯುತ್ತಿತ್ತು. ಅದಕ್ಕೆಂದೇ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟು ಕಟ್ಟಿದರು. ಎತ್ತರ ಸುಮಾರು 100 ಮೀಟರ್, ಕೆಆರ್‌ಎಸ್‌ನ ಎರಡು ಪಟ್ಟಿಗೂ ಮಿಗಿಲು. ಹೊರರಾಜ್ಯದವರಿರಲಿ, ಚಿಕ್ಕಮಗಳೂರು ಜಿಲ್ಲೆಯಲ್ಲೇ ಎಷ್ಟೋ ಜನಕ್ಕೆ ಇಷ್ಟು ಎತ್ತರದ ಅಣೆಕಟ್ಟು ತಮ್ಮಲ್ಲಿದೆ ಎಂಬುದು ನೆನಪಿಲ್ಲ. ಅದರಿಂದ ಒಂದು ಎಕರೆಗೂ ನೀರು ಹರಿಯದಿರುವಾಗ ನೆನಪು ಯಾಕೆ ಇರಬೇಕು!

ಗಣಿ ಮುಚ್ಚಿದ ಕಥೆ ಎಲ್ಲರಿಗೂ ಗೊತ್ತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಮಳೆಗಾಲದಲ್ಲಿ ಗಣಿಯ ಹೂಳು ಹೊತ್ತು ಭದ್ರೆ ಹರಿಯುವುದು ಆ ಹೋರಾಟದ ಮುಖ್ಯ ಆಕ್ಷೇಪಗಳಲ್ಲೊಂದು. ಅದು ಗೆಲ್ಲಬೇಕಾಗಿದ್ದ ಹೋರಾಟವೇ. ಆದರೆ ಗೆದ್ದ ಮೇಲೆ ಟೌನ್‌ಶಿಪ್ ಖಾಲಿಯಾಯಿತು, ಕಂಪನಿಯ ವ್ಯವಹಾರ ಮಂಗಳೂರಿಗೆ ಇಳಿಯಿತು, ಪತ್ರಿಕೆಗಳು ಬೇರೆ ಸುದ್ದಿಗೆ ಹೊರಟವು. ಲಕ್ಯಾ ಹಿಡಿದಿರುವ ಹತ್ತು ಕೋಟಿ ಟನ್ನಿಗೂ ಮೀರಿದ ಕೆಸರು ಎಲ್ಲಿಗೂ ಹೋಗಲಿಲ್ಲ.

ಬ್ರುಮಾಡಿನ್ಯೊದ ಕಥೆಯನ್ನು ಹಾಗೆಯೇ ಲಕ್ಯಾದ ಮೇಲೆ ಹೊದಿಸಿ ಜನರನ್ನು ಹೆದರಿಸುವುದು ತಪ್ಪು. ಎರಡರ ವಿನ್ಯಾಸ ಬೇರೆ, ನೆಲ ಬೇರೆ. ಇಲ್ಲಿ ಮೊದಲು ಕೇಳಬೇಕಾದದ್ದು ಮಳೆಯ ಪ್ರಶ್ನೆ. ಕುದುರೆಮುಖದಲ್ಲಿ ವರ್ಷಕ್ಕೆ 6,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಣ್ಣಿನ ಅಣೆಕಟ್ಟು ಎಷ್ಟೇ ಭದ್ರವಿರಲಿ, ನೀರು ನೆತ್ತಿ ಹತ್ತಿ ಇಳಿದರೆ ಉಳಿಯುವುದಿಲ್ಲ. ಆದ್ದರಿಂದ ಲಕ್ಯಾದ ಆಯುಷ್ಯ ನಿಂತಿರುವುದು ಅದರ ಕೋಡಿಯ ಮೇಲೆ: ಅದು ಎಷ್ಟು ಮಳೆಗೆ ಲೆಕ್ಕ ಹಾಕಿದ್ದು, ಆ ಲೆಕ್ಕವನ್ನು ಈಚೆಗೆ ಯಾವಾಗ ಮರುಪರಿಶೀಲಿಸಿದರು, ಆಷಾಢದ ರಾತ್ರಿ ಮರವೊಂದು ಬಿದ್ದು ಕೋಡಿಗೆ ಅಡ್ಡವಾದರೆ ತೆಗೆಯಲು ಅಲ್ಲಿ ಯಾರಿರುತ್ತಾರೆ. ಕೆಳಗೆ ಭದ್ರೆ ಸಂಸೆ, ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಜಲಾಶಯ ಸೇರುತ್ತಾಳೆ. ದಾವಣಗೆರೆಯವರೆಗಿನ ಗದ್ದೆ ತೋಟಗಳಿಗೆ ಅದೇ ನೀರು. ಹೀಗಿರುವಾಗ ವರ್ಗೀಕರಣದ ಎರಡನೆಯ ಕಾಲಂನಲ್ಲಿ ಏನಿರಬೇಕೆಂದು ಹೇಳಲು ಎಂಜಿನಿಯರೇ ಬೇಕೆಂದಿಲ್ಲ.

ನಮ್ಮಲ್ಲಿ ಲಕ್ಯಾ ಒಂದೇ ಅಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಕೆಜಿಎಫ್ ಜನರ ಮನೆ ಹಿತ್ತಿಲಲ್ಲೇ ನಿಂತಿವೆ. ಅವು ಒಣ ದಿಬ್ಬಗಳು, ಅಲ್ಲಿನ ಶತ್ರು ಬೇಸಿಗೆಯ ಗಾಳಿ. ದೇಶದ ಬೇರೆಡೆ 2019ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ಮುರಿಯಲ್ಲಿ ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರಿನ ಗುಡ್ಡ ಜಾರಿತು. ಮರುವರ್ಷ ಅದೇ ತಿಂಗಳಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ ವಿದ್ಯುತ್ ಸ್ಥಾವರದ ಬೂದಿ ಕಟ್ಟೆ ಒಡೆದು ಮಕ್ಕಳೂ ಸೇರಿ ಆರು ಜನ ಸತ್ತರು. ಪ್ರತಿಸಲವೂ ತನಿಖೆ, ಪರಿಹಾರ, ಮರೆವು.

ಬ್ರೆಜಿಲ್‌ನ ನಿಯಮದಲ್ಲಿ 'ಸ್ವಯಂ ಪಾರಾಗುವ ವಲಯ' ಎಂಬುದೊಂದಿದೆ. ಒಡ್ಡಿನಿಂದ ಕೆಳಕ್ಕೆ 10 ಕಿಲೋಮೀಟರ್, ಅಥವಾ ಅರ್ಧ ಗಂಟೆಯಲ್ಲಿ ಕೆಸರು ತಲುಪುವ ದೂರ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆ ವಲಯದಲ್ಲಿ ಸರ್ಕಾರ ಬಂದು ಕಾಪಾಡುವಷ್ಟು ಹೊತ್ತು ಸಿಗುವುದಿಲ್ಲ, ನೀವೇ ಓಡಬೇಕು ಎಂದು ಕಾನೂನೇ ಒಪ್ಪಿಕೊಳ್ಳುತ್ತದೆ. ಕೇಳಲು ಕ್ರೂರವಾಗಿದ್ದರೂ ಅದರಲ್ಲಿ ಪ್ರಾಮಾಣಿಕತೆ ಇದೆ: ಎಲ್ಲಿಗೆ ಓಡಬೇಕೆಂದು ಜನರಿಗೆ ಮೊದಲೇ ತೋರಿಸಿಕೊಡುವುದು ಕಂಪನಿಯ ಕರ್ತವ್ಯವಾಗುತ್ತದೆ, ಸೈರನ್ ಹಾಕಬೇಕಾಗುತ್ತದೆ, ಅಣಕು ಕಾರ್ಯಾಚರಣೆ ನಡೆಸಬೇಕಾಗುತ್ತದೆ. ಲಕ್ಯಾದ ವರ್ಗ ಯಾವುದು, ಕೊನೆಯ ತಪಾಸಣೆ ಯಾವ ತಿಂಗಳು ನಡೆಯಿತು, ಒಡೆದರೆ ಕೆಸರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂಬ ನಕ್ಷೆ, ಇವನ್ನು ಕೇಳುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಯಾರಿಗೂ ಇದೆ. ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗಿದಾಗ ಹೊರನಾಡಿಗೆ ಯಾವ ಕಡೆಯಿಂದ ಸುತ್ತಿ ಹೋಗಬೇಕೆಂದು ಕಳಸದಲ್ಲಿ ಆಟೋ ಓಡಿಸುವವರನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ. ಲಕ್ಯಾದ ನಕ್ಷೆಯ ಒಂದು ಪ್ರತಿ ಅವರ ಆಟೋ ಸ್ಟ್ಯಾಂಡಿನಲ್ಲೂ, ಇನ್ನೊಂದು ಸಂಸೆಯ ಪಂಚಾಯಿತಿ ಗೋಡೆಯ ಮೇಲೂ, ಜೂನ್‌ಗೆ ಮೊದಲು ತೂಗಬೇಕು.